ತಿಮ್ಮನ ಎಲುಬಿನ ದುಡಿಮೆ

ತೆಂಗಿನಗುಂಡಿಯ ಕೇರಿಯಲ್ಲಿ ಬೆಳಿಗ್ಗೆ ಏಳದ ಮಕ್ಕಳಿಗೆ ತಾಯಂದಿರು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. 'ಮಲಗು ಮಲಗು, ತಿಮ್ಮಣ್ಣನ ಹಾಗೆ ಆಗು' ಅಂದರೆ ಸಾಕು, ಮಗು ಹೊದಿಕೆ ಒದ್ದು ಎದ್ದು ಕೂರುತ್ತಿತ್ತು. ಪಕ್ಕದ ಮನೆ ಸುಕ್ರಿಯದು ಇನ್ನೂ ಒಂದು ಕೈ ಮೇಲೆ. ತಿಮ್ಮನಿಗೆ ದೇವರು ಎಲುಬು ಇಡುವುದನ್ನೇ ಮರೆತಿದ್ದಾನೆ, ಇಟ್ಟಿದ್ದರೆ ಮನುಷ್ಯ ನೆಟ್ಟಗೆ ಕೂತಾದರೂ ಕೂರುತ್ತಿದ್ದ, ಹೀಗೆ ಜಗಲಿಯ ಮೇಲೆ ಒಣಹಾಕಿದ ಬಲೆಯ ಹಾಗೆ ಬಿದ್ದಿರುತ್ತಿರಲಿಲ್ಲ ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳುವಳು. ತಿಮ್ಮನ ಹೆಂಡತಿ ನಾಗಿ ಅಲ್ಲೇ ಕೊಡ ತುಂಬುತ್ತಿದ್ದರೂ ದನಿ ತಗ್ಗಿಸುತ್ತಿರಲಿಲ್ಲ. ನಾಗಿಯೂ ಸಿಟ್ಟಾಗುತ್ತಿರಲಿಲ್ಲ. ಸುಳ್ಳು ಹೇಳಿದರೆ ತಾನೆ ಸಿಟ್ಟಾಗುವುದು.

ತಿಮ್ಮ ಮೊಗೇರನಿಗೆ ಅಪ್ಪನಿಂದ ಬಂದ ಆಸ್ತಿ ಅಂದರೆ ಒಂದು ಬಲೆ. ಕಡಲಿಂದ ಬಂದ ಮೀನನ್ನು ಹಂಚುವಾಗ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಹೋದ ಒಬ್ಬೊಬ್ಬ ಆಳಿಗೂ ಒಂದೊಂದು ಪಾಲು ಎಂಬುದು ಕೇರಿಯ ಕಟ್ಟಳೆ. ತಿಮ್ಮ ಬೇರೆ ಏನನ್ನೂ ಕಲಿಯದಿದ್ದರೂ ಈ ಕಟ್ಟಳೆಯನ್ನು ಬೇಗ ಕಲಿತುಕೊಂಡ. ಬಲೆಯನ್ನು ದೇವರಾಜನ ದೋಣಿಗೆ ಹಾಕಿ ತಾನು ಮನೆಯಲ್ಲಿ ಉಳಿದ. ಬಲೆ ಕಡಲಿಗೆ ಹೋಗುತ್ತಿತ್ತು, ಬಲೆಯ ಪಾಲು ಮನೆಗೆ ಬರುತ್ತಿತ್ತು. ನಡುವೆ ತಾನು ಹೋಗಿ ಎಂತ ಮಾಡುವುದು, ಬಲೆಗೆ ಅಡ್ಡ ಬರುವುದು ಬಿಟ್ಟು, ಎಂದು ಅವನ ವಾದ.

ದಡದಿಂದ ಎಳೆಯುವ ದೊಡ್ಡ ಬಲೆ ಬಿಟ್ಟ ದಿನ ಮಾತ್ರ ಮರಳಿಗೆ ಇಳಿಯುತ್ತಿದ್ದ. ಆ ಬಲೆಯ ಹಗ್ಗಕ್ಕೆ ಕೈ ಹಾಕಿದವರು ಯಾರೇ ಆಗಲಿ, ದಾರಿಯಲ್ಲಿ ಹೋಗುವವರಾದರೂ ಸರಿ, ಒಂದು ಬೊಗಸೆ ಮೀನು ಕೊಡದೆ ಕಳಿಸುವ ಹಾಗಿಲ್ಲ. ಬಲೆಯ ಹೊಟ್ಟೆ ದಡಕ್ಕೆ ಕಾಣುವವರೆಗೆ ತಿಮ್ಮ ತೆಂಗಿನ ಬುಡದಲ್ಲಿ ಕೂತಿರುವನು. ಇನ್ನೇನು ಮುಗಿಯಿತು ಅನ್ನುವಾಗ ಎದ್ದು, ಲುಂಗಿ ಎತ್ತಿ ಕಟ್ಟಿ, ಎಲ್ಲರಿಗಿಂತ ಜೋರಾಗಿ ಕೂಗು ಹಾಕುತ್ತ ಹಗ್ಗ ಹಿಡಿಯುವನು. ಒಮ್ಮೆ ದೇವರಾಜ, ಮುಟ್ಟದಿದ್ದರೂ ಮೀನು ಕೊಡುತ್ತೇನೆ, ಕೂಗಬೇಡ ಮಾರಾಯ, ಕಿವಿ ಹೋಗುತ್ತದೆ ಅಂದ. ತಿಮ್ಮನಿಗೆ ನಿಜಕ್ಕೂ ಬೇಸರವಾಯಿತು. ತಾನೇನು ಬೇಡಲು ಬಂದವನೇ? ಹಗ್ಗ ಮುಟ್ಟಿ, ಎರಡು ಹೆಜ್ಜೆ ಎಳೆದೇ ಮೀನು ಒಯ್ದ. ಮೈಗಳ್ಳ ಹೌದು, ಆದರೆ ಮುಟ್ಟದ ಹಗ್ಗದ ಮೀನನ್ನು ಮನೆಗೆ ತಂದವನಲ್ಲ. ಇದನ್ನು ಕೇರಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಂಸಾರ ನಡೆದದ್ದು ನಾಗಿಯ ತಲೆಯ ಮೇಲೆ, ಮೀನುಬುಟ್ಟಿಯ ಜೊತೆಗೆ. ಬೆಳಕು ಹರಿಯುವಾಗ ಬಂದರು, ಬಿಸಿಲೇರುವಾಗ ಭಟ್ಕಳ ಪೇಟೆಯ ಓಣಿಗಳು, ಉಳಿದದ್ದಿದ್ದರೆ ಬಸ್ಸು ಹತ್ತಿ ಬೆಳಕೆ ಊರು. ನವಾಯತ ಮುಸ್ಲಿಮರ ಮನೆಗಳ ಹೆಂಗಸರ ಜೊತೆ ಅವರ ಮಾತಿನಲ್ಲೇ ಚೌಕಾಸಿ ಮಾಡುವಳು. ಮಕ್ಕಳಾಗಲಿಲ್ಲ. ಇಂಥವನನ್ನು ಕಟ್ಟಿಕೊಂಡು ಹೇಗೆ ಬಾಳುತ್ತೀ ಎಂದು ಹೊನ್ನಾವರದ ತವರಿನವರು ಕೇಳಿದರೆ ನಾಗಿಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆ. ಅವನು ಅವಳನ್ನು ನಗಿಸುತ್ತಿದ್ದ. ದಿನವೆಲ್ಲ ಜಗಲಿಯಲ್ಲಿ ಬಿದ್ದು ಕೇರಿಯಲ್ಲಿ ಕಂಡದ್ದನ್ನೆಲ್ಲ, ಸಂಜೆ ಅವಳು ಕಾಲು ಚಾಚಿ ಕೂತಾಗ, ಉಪ್ಪು ಖಾರ ಹಚ್ಚಿ ಹೇಳುವನು. ಸುಕ್ರಿ ಕೋಳಿ ಓಡಿಸುವುದನ್ನು ಅವನು ಮಾಡಿ ತೋರಿಸಿದರೆ ಸುಕ್ರಿಯ ಕೋಳಿಯೇ ಮೋಸ ಹೋಗಬೇಕು.

ಅಂಥವನು ಒಂದು ದಿನ ಮೊಣಕಾಲು ನೋವು ಅಂದ.

ಕೇರಿಗೆ ಕೇರಿಯೇ ನಕ್ಕಿತು. ನಡೆಯದ ಕಾಲು ಸವೆಯುವುದು ಹೇಗೆ? ಒಬ್ಬರು ಬಾಡಿಗೆಗೆ ಕೊಟ್ಟಿದ್ದೀಯಾ ಅಂದರು, ಇನ್ನೊಬ್ಬರು ಕೂತು ಕೂತು ತುಕ್ಕು ಹಿಡಿದಿದೆ ಅಂದರು. ನಾಗಿಯೂ ನಕ್ಕಳು. ಹಿಂದಿನ ಮಳೆಗಾಲದಲ್ಲಿ ಬಂದರಿನ ಪಾಚಿಯ ಮೇಲೆ ಬರೀ ಜಾರಿ ಕೂತದ್ದಕ್ಕೆ ಅವಳ ಮಣಿಕಟ್ಟು ಮುರಿದಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಹೀಗೇ, ಒಳಗೊಳಗೆ ಟೊಳ್ಳಾಗುತ್ತದೆ ಅಂದಿದ್ದರು ಡಾಕ್ಟರು. ಸುಣ್ಣದ ಗುಳಿಗೆ ನುಂಗಿ, ಕೈಗೆ ಪಟ್ಟಿ ಕಟ್ಟಿಕೊಂಡೇ ಅವಳು ಬುಟ್ಟಿ ಹೊತ್ತಿದ್ದಳು. ಜಗಲಿಯಲ್ಲಿ ಕೂತವನ ನೋವಿಗೆ ಅವಳು ಎಷ್ಟೆಂದು ಮರುಗಬೇಕು? ಎಣ್ಣೆ ಹಚ್ಚಿಕೊಳ್ಳಿ ಅಂದಳು. ಅವನು ಹಚ್ಚಿಕೊಂಡ. ಮೊಣಕಾಲಿನ ಮೇಲೆ ಬಾವು ಎಳೆಯ ತೆಂಗಿನಕಾಯಿಯಷ್ಟಾಗಿ, ಅವನು ಕಥೆ ಹೇಳುವುದನ್ನು ನಿಲ್ಲಿಸಿದ ಮೇಲೆಯೇ ಅವಳಿಗೆ ಹೆದರಿಕೆಯಾದದ್ದು.

ಕರಾವಳಿಯಲ್ಲಿ ದಕ್ಷಿಣಕ್ಕಿರುವ ದೊಡ್ಡಾಸ್ಪತ್ರೆಯಲ್ಲಿ ಅದು ಎಲುಬಿನ ಕ್ಯಾನ್ಸರ್ ಎಂದರು, ತೊಡೆಯಿಂದ ಕೆಳಗೆ ಕಾಲು ತೆಗೆಯಬೇಕು ಎಂದರು. ಕಾಲು ತೆಗೆಯುವ ಹಿಂದಿನ ದಿನ ವಾರ್ಡಿಗೆ ಬಂದವಳು ಅಮಿತಾ. ಕುಮಟೆ ಕಡೆಯವಳು, ಮಿರ್ಜಾನದ ಹುಡುಗಿ. ಆಸ್ಪತ್ರೆಯ ಲ್ಯಾಬಿನಲ್ಲಿ ಎಲುಬಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ತಿಮ್ಮ ಅವಳನ್ನು ನಮ್ಮ ಕಡೆಯ ಟೀಚರಮ್ಮಂದಿರನ್ನು ಕರೆಯುವ ಹಾಗೆ 'ಅಕ್ಕೋರೆ' ಎಂದು ಕರೆದ. ತೆಗೆಯುವ ಗಡ್ಡೆಯಿಂದ ಒಂದು ಚೂರು ಕೊಡಬಹುದೇ, ಅದನ್ನು ಬೆಳೆಸಿ ಇಟ್ಟುಕೊಳ್ಳುತ್ತೇನೆ ಎಂದು ಅವಳು ಕೇಳಿದಳು.

ನಾಗಿಗೆ ತಲೆ ಕೆಟ್ಟಿತು. ಇಂಥ ಪೀಡೆಯನ್ನು ಯಾರಾದರೂ ಸಾಕುತ್ತಾರೆಯೇ?

ಅಮಿತಾ ಸ್ಟೂಲು ಎಳೆದುಕೊಂಡು ಕೂತು ಬಿಡಿಸಿ ಹೇಳಿದಳು. ಎಲುಬು ಅಂದರೆ ಕಲ್ಲಲ್ಲ, ಅದರೊಳಗೆ ಜೀವಕೋಶಗಳಿವೆ. ರಕ್ತದಲ್ಲಿ ಸುಣ್ಣದ ಅಂಶ ಕಡಿಮೆಯಾದರೆ ಮೈಯ ಇನ್ನೊಂದು ಮೂಲೆಯಿಂದ ಅವಕ್ಕೆ ಸಂದೇಶ ಬರುತ್ತದೆ. ಕೋಶದ ಹೊರಗೋಡೆಯಲ್ಲಿ ಕಿವಿಯಂಥದ್ದೊಂದು ಇರುತ್ತದೆ. ಅದು ಕೇಳಿಸಿಕೊಂಡು ಒಳಗಿನವರಿಗೆ ಹೇಳುತ್ತದೆ, ಅವರು ಇನ್ನೂ ಒಳಗಿನವರಿಗೆ. ಎಲುಬು ಕಟ್ಟುವುದೋ ಕರಗಿಸುವುದೋ ಎಂದು ಹೀಗೆ ತೀರ್ಮಾನವಾಗುತ್ತದೆ. ವಯಸ್ಸಾದ ಹೆಂಗಸರಲ್ಲಿ ಈ ಮಾತುಕತೆ ಎಲ್ಲಿ ಕೆಡುತ್ತದೆ ಎಂದು ತಿಳಿಯಬೇಕು. ಆದರೆ ಒಳ್ಳೆಯ ಎಲುಬಿನ ಕೋಶಗಳು ಲ್ಯಾಬಿನಲ್ಲಿ ಹೆಚ್ಚು ದಿನ ಬದುಕುವುದಿಲ್ಲ, ನಾಲ್ಕಾರು ಸಲ ಒಂದು ಎರಡಾಗಿ ಒಡೆದು ಆಮೇಲೆ ಸುಮ್ಮನಾಗಿಬಿಡುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಹಂಗಿಲ್ಲ, ಬೆಳೆಯುತ್ತಲೇ ಇರುತ್ತವೆ. ಹಾಗಾಗಿ ಒಳ್ಳೆಯದರ ಗುಣ ತಿಳಿಯಲು ಕೆಟ್ಟದ್ದನ್ನೇ ಮಾದರಿಯಾಗಿ ಇಟ್ಟುಕೊಳ್ಳಬೇಕು.

ಕಾಲು ಹೋಗುವ ದುಃಖದಲ್ಲಿ ಮುಖ ಗೋಡೆಗೆ ಮಾಡಿ ಮಲಗಿದ್ದ ತಿಮ್ಮ ಈಚೆ ತಿರುಗಿದ.

'ಅಕ್ಕೋರೆ, ನಮ್ಮ ಕೇರಿಯಲ್ಲಿ ನನ್ನನ್ನು ಇಟ್ಟುಕೊಂಡದ್ದು ಅದಕ್ಕೇ ಅಲ್ದಾ' ಅಂದ.

ಆಮೇಲೆ ಅವನಿಗೊಂದು ಅನುಮಾನ ಬಂತು. ಹಾಗಾದರೆ ತನ್ನ ಪಾಲು ಯಾವುದು? ಅಮಿತಾ ಗಲಿಬಿಲಿಗೊಂಡಳು. ಕೊಟ್ಟವರಿಗೆ ಹಣ ಕೊಡುವ ಕ್ರಮ ಇಲ್ಲ, ಅದರ ಮೇಲೆ ಹಕ್ಕೂ ಇರುವುದಿಲ್ಲ ಅಂದಳು. ಹಣ ಯಾರು ಕೇಳಿದರು, ತಾನು ಕೇಳಿದ್ದು ಪಾಲು ಎಂದು ತಿಮ್ಮ ದಡದ ಬಲೆಯ ಕಟ್ಟಳೆಯನ್ನು ಹೇಳಿದ. ತನ್ನ ಎಲುಬು ಹಗ್ಗ ಎಳೆಯುವುದಾದರೆ, ಬಂದದ್ದರಲ್ಲಿ ಒಂದು ಬೊಗಸೆ ಮನೆಗೆ ಬರಬೇಕು, ಅದು ನಾಗಿಯ ಮಣಿಕಟ್ಟಿಗೆ ಆಗುವ ಔಷಧ ಆದರೂ ಸರಿ. ಅಂಥ ಔಷಧ ಬರಲು ಇಪ್ಪತ್ತು ವರ್ಷವಾಗಬಹುದು, ಬಾರದೆಯೂ ಇರಬಹುದು ಅಂದಳು ಅಮಿತಾ. ಅಡ್ಡಿಲ್ಲ, ಇವಳು ಅಷ್ಟು ಬೇಗ ಸಾಯುವವಳಲ್ಲ ಅಂದು ತಿಮ್ಮ ಸಹಿ ಹಾಕಿದ.

ಗಾಯ ಮಾಗಿ, ತಿಂಗಳುಗಟ್ಟಲೆ ಡ್ರಿಪ್ಪಿನ ಔಷಧ ಮುಗಿಸಿ, ಮತ್ತೆ ತೋರಿಸಲು ಹೋದಾಗ ಅಮಿತಾ ಇಬ್ಬರನ್ನೂ ಲ್ಯಾಬಿಗೆ ಕರೆದೊಯ್ದಳು. ಮೊದಮೊದಲು ಬೆಳೆಯಲೇ ಇಲ್ಲ, ಹೋಯಿತು ಅಂದುಕೊಂಡಿದ್ದೆ, ಒಮ್ಮೆಲೆ ಹಿಡಿದುಕೊಂಡವು ನೋಡಿ ಎಂದು ಹಿಗ್ಗಿ ಹೇಳಿದಳು. ತಿಮ್ಮ ಊರುಗೋಲನ್ನು ನಾಗಿಯ ಕೈಗೆ ಕೊಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ. ತಿಳಿಗೆಂಪು ನೀರಿನ ತಳದಲ್ಲಿ ಒತ್ತೊತ್ತಾಗಿ, ಒಂದರ ಕೈ ಇನ್ನೊಂದು ಹಿಡಿದಂತೆ, ಹೊಳೆಯುವ ಅಂಚಿನ ಸಣ್ಣ ಸಣ್ಣ ಆಕಾರಗಳು. ಹಗಲಿಲ್ಲ ರಾತ್ರಿಯಿಲ್ಲ, ಭಾನುವಾರವೂ ಇಲ್ಲ, ಇವು ಕೆಲಸ ಮಾಡುತ್ತಲೇ ಇರುತ್ತವೆ ಅಂದಳು ಅಮಿತಾ. ಸಂದೇಶದ ರಸ ಒಂದು ಹನಿ ಹಾಕಿದರೆ ಸಾಕು, ಆ ಕ್ಷಣ ಓಗೊಡುತ್ತವೆ.

ನಾಗಿ ಗಂಡನ ಮುಖ ನೋಡಿದಳು, ಅಮಿತಾಳ ಮುಖ ನೋಡಿದಳು.

'ಸರಿಯಾಗಿ ನೋಡಿ ಅಕ್ಕೋರೆ. ಒಂದೇ ಕರೆಗೆ ಓಗೊಟ್ಟದ್ದಾದ್ರೆ ಅದು ನಮ್ಮನೆಯವ್ರದ್ದು ಆಗಿರ್ಲಿಕ್ಕಿಲ್ಲ.'

ಮೂವರೂ ನಕ್ಕರು. ತಿಮ್ಮ ನಗುತ್ತಲೇ ಮತ್ತೊಮ್ಮೆ ಕಣ್ಣು ಹಚ್ಚಿದ, ಸುಮಾರು ಹೊತ್ತು ಎತ್ತಲಿಲ್ಲ.

ಅಲ್ಲಿಂದ ಶುರುವಾಯಿತು ಅವನ ದರ್ಬಾರು. ಒಂದು ಕಾಲಿನವನಾಗಿ ಜಗಲಿಗೆ ಬಂದು ಕೂತ ತಿಮ್ಮ, ಎರಡು ಕಾಲಿನ ಕಾಲದಲ್ಲಿ ಎಂದೂ ಇರದಷ್ಟು ನೆಟ್ಟಗೆ ಕೂರತೊಡಗಿದ. ಮಳೆಗಾಲದಲ್ಲಿ ಮೀನು ಹಿಡಿಯುವುದು ಬಂದಾಗಿ ದೋಣಿಗಳು ದಡ ಏರಿದಾಗ ದೇವರಾಜನನ್ನು ಕರೆದು, ನಿಮಗೆಲ್ಲ ಸರಕಾರ ರಜೆ ಕೊಡುತ್ತದೆ, ನನ್ನ ಎಲುಬಿಗೆ ಮಾತ್ರ ರಜೆ ಇಲ್ಲ ನೋಡು ಎಂದು ಮರುಗಿದ. ದೇವರಾಜ ಮೊದಲು ನಕ್ಕ, ಆಮೇಲೆ ತಾನೇ ಬಂದರಿನಲ್ಲಿ ಆ ಮಾತು ಹೇಳಿಕೊಂಡು ತಿರುಗಿದ. ಪೇಟೆಯ ಓಣಿಗಳಲ್ಲಿ ಹೆಂಗಸರು ಮೀನು ಆರಿಸುತ್ತ, ನಿನ್ನ ಗಂಡನ ಎಲುಬು ಹೇಗಿದೆ, ಎಷ್ಟು ಬೆಳೆಯಿತು ಎಂದು ನಾಗಿಯನ್ನು ಕೇಳುವಂತಾಯಿತು. ಬೆಳಕೆಯಲ್ಲಿ ಇಳಿದರೆ ಅಲ್ಲಿಯೂ ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಇಳಿದಿರುತ್ತಿತ್ತು. ಅವಳಿಗೆ ಒಳಗೊಳಗೆ ಖುಷಿ. ಮದುವೆಯಾದ ಮೇಲೆ ಮೊದಲ ಸಲ ಗಂಡನ ಕೆಲಸದ ಬಗ್ಗೆ ಯಾರೋ ಕೇಳುತ್ತಿದ್ದರು.

ಕಷ್ಟವಾದದ್ದು ಕೇರಿಯ ತಾಯಂದಿರಿಗೆ. ಮಕ್ಕಳನ್ನು ಎಬ್ಬಿಸಲು ಅವರ ಬಳಿ ಇದ್ದ ಒಂದೇ ಮಾತು ಕೆಟ್ಟುಹೋಯಿತು. ಕೊನೆಗೆ ಸುಕ್ರಿಯೇ ದಾರಿ ಕಂಡುಹಿಡಿದು, ತಿಮ್ಮಣ್ಣನ ಹಾಗಾಗಬೇಡ, ಅವನ ಎಲುಬಿನಷ್ಟಾದರೂ ದುಡಿಯೋ ಎಂದು ಮೊಮ್ಮಗನಿಗೆ ಹೇಳತೊಡಗಿದಳು.

ಮರುವರ್ಷ ತಿಮ್ಮನಿಗೆ ಕೆಮ್ಮು ಹಿಡಿಯಿತು. ಈ ಸಲ ಯಾರೂ ನಗಲಿಲ್ಲ. ಆಸ್ಪತ್ರೆಯಲ್ಲಿ ಚಿತ್ರ ತೆಗೆದರೆ ಎರಡೂ ಶ್ವಾಸಕೋಶದಲ್ಲಿ ಹುಣಿಸೆಬೀಜದಂಥ ಗಂಟುಗಳು. ಗುಣವಾಗುವ ಮಾತಿಲ್ಲ, ಕಾಯಿಲೆಯನ್ನು ಸ್ವಲ್ಪ ಕಾಲ ತಡೆಯುವ ಔಷಧ ಇದೆ, ಅದು ಹಿಡಿಯುತ್ತದೋ ನೋಡಲು ಬೆನ್ನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆಯಬೇಕು ಎಂದರು ಡಾಕ್ಟರು. ಅಷ್ಟು ಮಾಡಿದರೂ ಎಷ್ಟು ದಿನ ಎಂದು ಕೇಳಿದಳು ನಾಗಿ. ತಿಂಗಳ ಲೆಕ್ಕ ಅಂದರು ಡಾಕ್ಟರು. ಹಾಗಾದರೆ ಬೇಡ ಅಂದಳು ಅವಳು. ಮನೆಗೆ ಕರೆತಂದಳು.

ಬುಟ್ಟಿಯನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿದಳು. ಎಷ್ಟೋ ವರ್ಷಗಳಿಂದ ಈ ಮನುಷ್ಯ ಒಂದು ದಿನವಾದರೂ ಮನೆ ಬಿಟ್ಟು ದುಡಿಯಲು ಹೋಗಲಿ ಎಂದು ಹರಕೆ ಹೊತ್ತವಳಿಗೆ ಈಗ ಬೇಕಾದದ್ದು ಒಂದೇ: ಅವನು ಎಲ್ಲಿಗೂ ಹೋಗದೆ ಕೂತಿರಬೇಕು, ತಾನು ಪಕ್ಕದಲ್ಲಿ ಕೂತಿರಬೇಕು. ಜಗಲಿಯಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಗಲು ಹೊತ್ತಿನಲ್ಲಿ ಕೇರಿ ಹೇಗಿರುತ್ತದೆ ಎಂಬುದನ್ನೇ ಅವಳು ನೋಡಿರಲಿಲ್ಲ.

ಹಾಗೆ ಕೂತಿದ್ದಾಗಲೇ ಒಂದು ಶನಿವಾರ ಅಮಿತಾ ಬಂದಳು. ಮಿರ್ಜಾನಕ್ಕೆ ಹೊರಟವಳು ಭಟ್ಕಳದಲ್ಲಿ ಇಳಿದು ರಿಕ್ಷಾ ಹಿಡಿದು ಬಂದಿದ್ದಳು. ಚಾ ಕೊಟ್ಟರೆ ಮುಟ್ಟಲಿಲ್ಲ, ಲೋಟದ ಮೇಲೆ ಕೆನೆ ಕಟ್ಟಿತು. ಸಂಶೋಧನೆಯನ್ನು ಅಚ್ಚಿಗೆ ಕಳಿಸುವ ಮೊದಲು ಕೋಶಗಳು ಯಾರವು ಎಂದು ಪರೀಕ್ಷೆ ಮಾಡಿಸುವ ಕ್ರಮ ಇದೆ, ಮಾಡಿಸಿದೆ ಅಂದಳು. ಅವು ತಿಮ್ಮನವಲ್ಲ. ಗಂಡಸಿನವೇ ಅಲ್ಲ.

ಯಾವುದೋ ದೇಶದಲ್ಲಿ, ಇವರೆಲ್ಲ ಹುಟ್ಟುವ ಮೊದಲೇ, ಎಲುಬಿನ ಗಡ್ಡೆಯಿಂದ ತೀರಿಕೊಂಡ ಒಬ್ಬ ಹುಡುಗಿ. ಅವಳ ಕೋಶಗಳನ್ನು ಲೋಕದ ಎಷ್ಟೋ ಲ್ಯಾಬುಗಳಲ್ಲಿ ಬೆಳೆಸುತ್ತಾರೆ, ಅಮಿತಾಳ ಕಪಾಟಿನಲ್ಲೂ ಇದ್ದವು. ಎಲ್ಲೋ ಒಂದು ಹನಿ ತಿಮ್ಮನದರೊಳಗೆ ಬಿದ್ದಿತ್ತು, ಒಂದು ಕೈತಪ್ಪು. ತಿಮ್ಮನ ಕೋಶಗಳು ನಿಧಾನದವು, ಹುಡುಗಿಯವು ಚುರುಕು. ಕೆಲವೇ ವಾರಗಳಲ್ಲಿ ಅವಳವೇ ತುಂಬಿಕೊಂಡು ಇವನವು ಒಂದೂ ಉಳಿಯದೆ ಹೋದವು. ಒಮ್ಮೆಲೆ ಬೆಳೆದಾಗ ನಾನು ಹಿಗ್ಗುವ ಬದಲು ಸಂಶಯ ಪಡಬೇಕಿತ್ತು ಅಂದಳು ಅಮಿತಾ. ಒಂದು ವರ್ಷದ ಕೆಲಸವನ್ನು ಎಸೆದು ಬಂದಿದ್ದಳು, ಕಣ್ಣು ಊದಿಕೊಂಡಿತ್ತು.

'ನಾ ನೋಡಿದ್ದು?' ತಿಮ್ಮ ಕೇಳಿದ.

'ಅದೂ ಅವಳದ್ದೇ, ತಿಮ್ಮಣ್ಣ.'

ನಾಗಿಗೆ ಎಲ್ಲಿಂದ ಬಂತೋ ನಗು. ತಡೆಯಲು ಸೆರಗು ಬಾಯಿಗಿಟ್ಟಳು, ಅದು ಮೂಗಿನಿಂದ ಬಂತು. 'ಅಲ್ಲೂ ಒಬ್ಬ ಹೆಣ್ಣೇ ದುಡಿದ್ಲಾ' ಅಂದಳು. 'ಹೆಸರು ಮಾತ್ರ ನಿಮ್ಮದು.' ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಿಮ್ಮನೂ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವನ ಮುಖ ಕಂಡು ನಾಗಿಯ ನಗು ಅಲ್ಲೇ ನಿಂತಿತು. ಕಾಲು ಕಡಿದ ದಿನವೂ ಅವನು ಹಾಗೆ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು, ಎದೆಯೊಳಗೆ ಕೂತದ್ದು ಅದೇ ಎಲುಬಿನದ್ದೇ ಅಲ್ಲವೇ ಎಂದು ಕೇಳಿದ. ಹೌದು ಅಂದಳು ಅಮಿತಾ, ಅವನ ಮಾತು ಎಲ್ಲಿಗೆ ಹೊರಟಿದೆ ಎಂದು ತಿಳಿದು ಎದ್ದುನಿಂತಳು. ತಾನು ಬಂದದ್ದು ತಪ್ಪು ಹೇಳಲಿಕ್ಕೆ, ಮತ್ತೆ ಕೇಳಲಿಕ್ಕಲ್ಲ ಅಂದಳು. ಈ ಸ್ಥಿತಿಯಲ್ಲಿ ಸೂಜಿ ಹಾಕಿದರೆ ಆಯಾಸವಾಗುತ್ತದೆ, ಉಸಿರಿಗೆ ತೊಂದರೆಯೂ ಆಗಬಹುದು, ಬೇಡವೇ ಬೇಡ ಎಂದು ಹೇಳಿ ಹೋದಳು.

ಬೇಡ ಅಂದರೆ ಕೇಳುವವನು ತಿಮ್ಮನಲ್ಲ, ಬೇಕು ಅಂದರೂ ಕೇಳಿದವನಲ್ಲ. ಆ ವಾರವೆಲ್ಲ ಮನೆಯಲ್ಲಿ ಜಗಳ. ನಾಗಿ ಅತ್ತಳು, ಊಟ ಬಿಟ್ಟಳು, ಹೊನ್ನಾವರಕ್ಕೆ ಹೋಗಿಬಿಡುತ್ತೇನೆ ಅಂದಳು. ಇರುವ ನಾಲ್ಕು ದಿನ ಕೂಡಿ ಕೂರುವುದು ಬಿಟ್ಟು ಯಾರದೋ ಸೂಜಿಗೆ ಬೆನ್ನು ಕೊಡುವುದು ಎಂತಕ್ಕೆ ಎಂದು ಕೇಳಿದಳು. ಕೊನೆಗೆ ಅವಳು ಬೇರೆ ದಾರಿ ಹಿಡಿದಳು. ಅವನ ತಟ್ಟೆಗೆ ಗಂಜಿ ಬಡಿಸಿ, ಸುಕ್ರಿಗೆ ಕೇಳದ ಹಾಗೆ ಹತ್ತಿರ ಕೂತಳು.

'ಹೋಯ್, ಕೇಳಿ. ಇದು ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಮಿತಕ್ಕೋರು ಹೇಳುದಿಲ್ಲ, ನಾನೂ ಹೇಳುದಿಲ್ಲ. ಕೇರಿಯವರ ಲೆಕ್ಕಕ್ಕೆ ನಿಮ್ಮ ಎಲುಬು ದುಡಿತಾನೇ ಇರ್ತದೆ. ಆತಲ್ಲ?'

ತಿಮ್ಮ ಗಂಜಿಯಲ್ಲಿ ಬೆರಳಾಡಿಸಿದ.

'ನಿಂಗೆ ಗೊತ್ತುಂಟಲ್ಲ' ಅಂದ.

ನಾಗಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

'ಒಂದು ವರ್ಷ ಹಗ್ಗ ಮುಟ್ಟದೆ ಮೀನು ತಿಂದೆ, ನಾಗಿ. ನೀ ಪೇಟೆಯಲ್ಲಿ ಹೇಳ್ಕೊಂಡು ಬರ್ತಿದ್ದೆ, ನಾ ಕೇಳ್ಕೊಂಡು ಉಣ್ತಿದ್ದೆ. ಆ ಹೆಣ್ಣು ಯಾರೋ ಎಂತದೋ, ಸತ್ತು ಎಷ್ಟು ಕಾಲ ಆತೋ. ಅವಳ ಪಾಲು ಅದು.'

ಅವಳು ಎದ್ದು ಹಿತ್ತಿಲಿಗೆ ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಇಷ್ಟು ವರ್ಷ ಕೇರಿ ಆಡಿಕೊಂಡಾಗಲೆಲ್ಲ ಈ ಮನುಷ್ಯ ಮೈಮೇಲಿನ ನೀರು ಕೊಡವಿದಂತೆ ಕೊಡವಿ ಎದ್ದಿದ್ದ. ಅವನಿಗೆ ಯಾರ ಮಾತೂ ತಾಗುವುದಿಲ್ಲ ಎಂದೇ ಅವಳು ನಂಬಿದ್ದಳು. ಅಂದು ತಾನು ಸೆರಗು ಬಾಯಿಗಿಟ್ಟು ನಕ್ಕದ್ದು ತಾಗಿತ್ತು. ಕೈ ಒರೆಸಿಕೊಂಡು ಒಳಗೆ ಬಂದು ಅಮಿತಾಳಿಗೆ ಫೋನು ಮಾಡಿದವಳು ನಾಗಿಯೇ. ಔಷಧ ಹಿಡಿಯುತ್ತದೋ ನೋಡಲು ಡಾಕ್ಟರು ಕೇಳಿದ್ದ ಆ ಸೂಜಿಗೆ ಒಪ್ಪಿದ್ದೇವೆ, ಅದರಲ್ಲೇ ನಿಮಗೂ ಒಂದು ಚೂರು ಇಟ್ಟುಕೊಳ್ಳಿ ಅಂದಳು. ಈ ಸಲ ಆ ಹುಡುಗಿಯ ಡಬ್ಬಿಯನ್ನು ದೂರ ಇಡಿ ಎಂದೂ ಸೇರಿಸಿದಳು. ಇನ್ನು ಅವಳಾದರೂ ಸ್ವಲ್ಪ ಸುಧಾರಿಸಿಕೊಳ್ಳಲಿ.

ಅಮಿತಾ ದೂರವೇ ಇಟ್ಟಳು. ಆ ಚೂರಿನಿಂದ ಬಂದವು ಇಂದಿಗೂ ಆ ಲ್ಯಾಬಿನಲ್ಲಿವೆ. ಎರಡು ಸಲ ಪರೀಕ್ಷೆ ಮಾಡಿಸಿದ್ದಾಳೆ, ತಿಮ್ಮನವೇ. ಬೆಳೆಯುತ್ತವೆ, ಆದರೆ ಅವಸರವಿಲ್ಲ. ಅದರಿಂದ ಎಂತ ಬರುತ್ತದೆ ಎಂದು ಹೇಳಲು ಇನ್ನೂ ಬಹಳ ಕಾಲ ಬೇಕು ಎಂದು ಅವಳು ನಾಗಿಗೆ ಹೇಳಿದ್ದಾಳೆ, ನಾಗಿಯೂ ಕೇಳಿ ಪೀಡಿಸುವುದಿಲ್ಲ. ಡಾಕ್ಟರ ಔಷಧ ಶುರುವಾಗುವಷ್ಟರಲ್ಲಿ ತಿಮ್ಮ ಇರಲಿಲ್ಲ. ಸೂಜಿ ಹಾಕಿದ ನಾಲ್ಕನೆಯ ದಿನ ಆಸ್ಪತ್ರೆಯ ಮಂಚದಲ್ಲೇ, ಪಕ್ಕದ ರೋಗಿಗೆ ಸುಕ್ರಿಯ ಕೋಳಿಯ ಕಥೆ ಹೇಳುತ್ತಿದ್ದಾಗ, ಉಸಿರು ಅರ್ಧಕ್ಕೇ ನಿಂತಿತು.

ಸೂಜಿಗೆಂದು ಆಸ್ಪತ್ರೆಗೆ ಹೊರಟ ದಿನ ಇದೊಂದೂ ಯಾರಿಗೂ ಗೊತ್ತಿರಲಿಲ್ಲ, ಅಥವಾ ಅವನೊಬ್ಬನಿಗೆ ಗೊತ್ತಿತ್ತೋ ಏನೋ. ಮಳೆ ಬಿಟ್ಟ ಬೆಳಿಗ್ಗೆ. ದೇವರಾಜ ತನ್ನ ಓಮ್ನಿ ಗಾಡಿಯನ್ನು ಅಂಗಳಕ್ಕೇ ತಂದು, ಮೀನಿನ ವಾಸನೆ ಹೋಗಲೆಂದು ಒಳಗೆ ಊದುಬತ್ತಿ ಹಚ್ಚಿಟ್ಟಿದ್ದ. ಈಗ ಎರಡೂ ವಾಸನೆ ಇತ್ತು. ಹಿಂದಿನ ಸೀಟಿನಲ್ಲಿ ಚಾಪೆ ಹಾಸಿದ್ದರೂ ತಿಮ್ಮ ಮುಂದೆಯೇ ಕೂರುತ್ತೇನೆ ಎಂದು ಹಟ ಹಿಡಿದ. ಮದುವೆಮನೆಗಳಿಗೆ ಮಾತ್ರ ತೆಗೆಯುತ್ತಿದ್ದ ಪ್ಯಾಂಟು ತೊಟ್ಟಿದ್ದ, ಖಾಲಿ ಕಾಲಿನ ಬಟ್ಟೆಯನ್ನು ನಾಗಿ ಮಡಚಿ ಪಿನ್ನು ಹಾಕಿದ್ದಳು. ಅವಳು ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಹಿಂದೆ ಹತ್ತಿ ಕೂತಳು.

ಕೇರಿಯವರು ಬೇಲಿಯುದ್ದಕ್ಕೂ ನಿಂತಿದ್ದರು. ಅವನ ಕಾಯಿಲೆಯ ವಿಷಯ ಎಲ್ಲರಿಗೂ ಅರ್ಧಂಬರ್ಧ ಗೊತ್ತಿತ್ತು, ಯಾರಿಗೂ ಕೇಳುವ ಧೈರ್ಯ ಇರಲಿಲ್ಲ. ಸುಕ್ರಿಗೆ ಮಾತ್ರ ಸುಮ್ಮನಿರಲು ಬರುತ್ತಿರಲಿಲ್ಲ.

'ಎಲ್ಲಿಗೆ ಹೊರಟದ್ದು ತಿಮ್ಮಣ್ಣ, ಇಷ್ಟು ಬೆಳಿಗ್ಗೆ?'

ತಿಮ್ಮ ಕಿಟಕಿಯ ಗಾಜು ಸರಿಸಿ ತಲೆ ಹೊರಗೆ ಹಾಕಿದ.

'ಸ್ವಲ್ಪ ಕೆಲಸ ಇತ್ತು ಮಾರಾಯ್ತಿ' ಅಂದ. 'ಮುಗಿಸಿ ಬತ್ತೆ.'

ಸುಕ್ರಿ ನಗಲಿಲ್ಲ. ಹಾಗಾದರೆ ತಡ ಮಾಡಬೇಡ, ಹೋಗಿ ಬಾ ಅಂದಳು. ದೇವರಾಜ ಗಾಡಿಯನ್ನು ಹಿಂದಕ್ಕೆ ತೆಗೆದು, ಕೆಸರಿನಲ್ಲಿ ಒಮ್ಮೆ ಸಿಕ್ಕಿಬಿದ್ದು, ಇಬ್ಬರು ಹುಡುಗರು ತಳ್ಳಿದ ಮೇಲೆ ಹೆದ್ದಾರಿಯ ಕಡೆಗೆ ತಿರುಗಿಸಿದ.